ಒಡಕಲು ಬಿಂಬ ನೋಡಿದೋರು ಹೇಳಿ, ಮಂಜುಳಾ ಮಾಡಿದ್ದು ಬರೀ ಕಳ್ಳತನಾನಾ?

ಬಾಲ್ಕನಿ_ಟಿಕೆಟ್:

ಎಲ್ರಿಗೂ ನಮಸ್ಕಾರ. ಹೋದ ಭಾನುವಾರ ನಮ್ಮೂರಿನ ಒಂದು ಹವ್ಯಾಸಿ ತಂಡದೋರು ಗಿರೀಶ್ ಕಾರ್ನಾಡರ ಒಡಕಲು ಬಿಂಬ ಮಾಡಿದ್ರು. ಅಮ್ಮ, ಚಿಕ್ಕಮ್ಮ, ನಾನು ಮೂರು ಜನ ಹೋಗಿದ್ವಿ. ಒಂದು ಗಂಟೆಯ ನಾಟಕ, ಸ್ಟೇಜ್ ಮೇಲೆ ಒಬ್ಳೇ ಹೆಂಗಸು ಮತ್ತೆ ಒಂದು ಟಿವಿ ಅಷ್ಟೇ, ಆದ್ರೆ ಇವತ್ತಿಗೆ ನಾಕು ದಿನ ಆಯ್ತು ನಂಗೆ ತಲೆಯಿಂದ ಹೋಗ್ತಾನೇ ಇಲ್ಲ. ನೋಡದೇ ಇರೋರು ಮುಂದೆ ಓದ್ಬೇಡಿ, ಗುಟ್ಟೆಲ್ಲಾ ಇಲ್ಲೇ ಬಿಚ್ಚಿಡ್ತಿದೀನಿ.

ಮಂಜುಳಾ ನಾಯಕ್ ಅಂತ ಕನ್ನಡದಲ್ಲಿ ಕತೆ ಬರೀತಿದ್ದ ಲೆಕ್ಚರರ್, ಇದ್ದಕ್ಕಿದ್ದಂಗೆ ಇಂಗ್ಲಿಷಲ್ಲಿ ಒಂದು ಕಾದಂಬರಿ ಬರ್ದು ಪ್ರಪಂಚಕ್ಕೆಲ್ಲಾ ಫೇಮಸ್ ಆಗಿರ್ತಾಳೆ. ಟಿವಿ ಸ್ಟುಡಿಯೋಗೆ ಬಂದು ಭಾಷಣ ಮಾಡ್ತಾಳೆ. ಎಲ್ರೂ ನನ್ನ ಎರಡೇ ಪ್ರಶ್ನೆ ಕೇಳ್ತಾರೆ ಅಂತಾಳೆ, ಇಂಗ್ಲಿಷಲ್ಲಿ ಯಾಕೆ ಬರ್ದೆ ಅನ್ನೋದು ಒಂದು, ಆರೋಗ್ಯವಾಗಿರೋ ನೀನು ಅಂಗವಿಕಲ ಹೆಣ್ಣಿನ ಒಳಗನ್ನ ಇಷ್ಟು ಚೆನ್ನಾಗಿ ಹೆಂಗೆ ಬರ್ದೆ ಅನ್ನೋದು ಇನ್ನೊಂದು. ಸೊಂಟದ ಕೆಳಗೆ ಸ್ವಾಧೀನ ಇಲ್ಲದ ತಂಗಿ ಮಾಲಿನೀನ ನಾನೇ ನೋಡ್ಕೊಂಡೆ, ಅವಳು ತೀರ್ಕೊಂಡಳು, ಅವಳ ನೆನಪಲ್ಲಿ ಬರ್ದೆ ಅಂತ ಹೇಳ್ತಾಳೆ. ಭಾಷಣ ಮುಗಿಸಿ ಹೊರಡ್ಬೇಕು ಅನ್ನೋಷ್ಟರಲ್ಲಿ ಟಿವಿಯಲ್ಲಿದ್ದ ಅವಳದ್ದೇ ಮುಖ ಹೋಗಲ್ಲ. ಅಲ್ಲೇ ಕೂತ್ಕೊಂಡು ಅವಳನ್ನೇ ಮಾತಾಡಿಸೋಕೆ ಶುರು ಮಾಡುತ್ತೆ. ಆ ಕ್ಷಣಕ್ಕೆ ನಮ್ಮ ಸಾಲಲ್ಲಿ ಒಬ್ಬರು ಅಯ್ಯಯ್ಯೋ ಅಂದೇಬಿಟ್ರು. ಆಮೇಲೆ ಆ ಮುಖ ಒಂದೊಂದೇ ಎಳೆ ಎಳೀತಾ ಹೋಗುತ್ತೆ, ಕೊನೆಗೆ ಬರೋದು ಇಷ್ಟು, ಕಾದಂಬರಿ ಇವಳದ್ದಲ್ಲ, ತಂಗಿ ಬರ್ದಿಟ್ಟು ಸತ್ತಿದ್ದು. ಗಂಡ ಪ್ರಮೋದನಿಗೂ ತಂಗಿಗೂ ಇವಳಿಗೆ ಗೊತ್ತಿಲ್ಲದ ಸಲಿಗೆ ಇತ್ತು.

ಈಗ ನನ್ನ ಪ್ರಶ್ನೆ. ಮಂಜುಳಾ ಮಾಡಿದ್ದು ಕಳ್ಳತನ ಅಂತ ಮುಗಿಸಿಬಿಡೋಕೆ ನಂಗೆ ಮನಸ್ಸು ಬರ್ತಿಲ್ಲ. ಅಷ್ಟು ವರ್ಷ ಸೇವೆ ಮಾಡಿದೋಳು ಅಂತ ಒಂದು ಕಡೆ ಅನ್ಸುತ್ತೆ, ಆ ಸೇವೆ ಅನ್ನೋದೇ ಪೂರ್ತಿ ನಿಜ ಅಲ್ಲ ಅಂತ ಟಿವಿ ಮುಖ ತೋರಿಸಿಕೊಡುತ್ತೆ ಅನ್ನೋದು ಇನ್ನೊಂದು ಕಡೆ. ಮತ್ತೆ ಕೊನೇಲಿ ಆ ಮುಖ ನಾನು ಮಾಲಿನಿ ಅನ್ನುತ್ತಲ್ಲ, ಅದನ್ನ ನೀವು ಹೆಂಗೆ ತಗೊಂಡ್ರಿ?

ಇದನ್ನ ಇಷ್ಟು ಕೇಳ್ತಿರೋಕೆ ಇನ್ನೊಂದು ಕಾರಣ ಇದೆ. ನಾಟಕ ಮುಗಿಸಿ ಆಟೋದಲ್ಲಿ ಬರ್ತಾ ಚಿಕ್ಕಮ್ಮ ಅಮ್ಮನ ಕೈ ಹಿಡ್ಕೊಂಡು, ನಮ್ಮಕ್ಕ ಹಂಗಲ್ಲಪ್ಪ, ಅಮ್ಮನ್ನ ಏಳು ವರ್ಷ ಹೂವಿನ ಥರ ನೋಡ್ಕೊಂಡಳು, ಅಮ್ಮ ಪ್ರತೀ ಕಾಗದದಲ್ಲೂ ಬರೀತಿದ್ಳು ಅಂದ್ರು. ನಮ್ಮಜ್ಜಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದಿದ್ರು, ಅಮ್ಮನೇ ನೋಡ್ಕೊಂಡಿದ್ದು, ಚಿಕ್ಕಮ್ಮ ಆಗ ಮುಂಬೈಯಲ್ಲಿದ್ರು. ಅಷ್ಟು ಹೇಳಿದ್ದೇ ತಡ ಅಮ್ಮ ಕೈ ಬಿಡಿಸ್ಕೊಂಡು ಹೊರಗೆ ನೋಡ್ತಾ ಕೂತ್ರು. ಅವತ್ತಿಂದ ಬೇಕಾದಷ್ಟೇ ಮಾತು. ಚಿಕ್ಕಮ್ಮ ನಂಗೆ ಫೋನ್ ಮಾಡಿ ನಾನೇನಾದ್ರೂ ತಪ್ಪು ಅಂದ್ನೇನೋ ಅಂತ ಕೇಳ್ತಿದಾರೆ. ನಂಗೂ ಗೊತ್ತಾಗ್ತಿಲ್ಲ.

ಪ್ರೊಜೆಕ್ಟರ್_ಪಕ್ಕ:

ನಾನು ಒಂದು ತಂಡದ ಜೊತೆ ಈ ನಾಟಕಕ್ಕೆ ವಿಡಿಯೋ ಬಿಡೋ ಕೆಲಸ ಮಾಡಿದೀನಿ, ಆರು ಶೋ. ಹಾಗಾಗಿ ಕತೆಗಿಂತ ಮುಂಚೆ ಅದು ನಡೆಯೋ ರೀತಿ ಹೇಳ್ತೀನಿ, ಯಾಕಂದ್ರೆ ನಿಮಗಾದ ಆ ಭಯದ ಅರ್ಧ ಗುಟ್ಟು ಅಲ್ಲೇ ಇರೋದು.

ಟಿವಿಯಲ್ಲಿ ಬರೋ ಮುಖ ಮುಂಚೇನೇ ಶೂಟ್ ಮಾಡಿಟ್ಟಿದ್ದು. ಅದೇ ನಟಿ, ಅದೇ ಸೀರೆ, ಅದೇ ಬೊಟ್ಟು. ರೆಕಾರ್ಡ್ ಮಾಡುವಾಗ ಎದುರುಗಡೆ ಯಾರೂ ಇಲ್ಲದೆ, ಇಲ್ಲಿ ಮಂಜುಳಾ ಇಷ್ಟು ಹೊತ್ತು ಮಾತಾಡ್ತಾಳೆ, ಇಲ್ಲಿ ನಗ್ತಾಳೆ, ಇಲ್ಲಿ ಕೋಪ ಮಾಡ್ಕೋತಾಳೆ ಅಂತ ಮನಸ್ಸಲ್ಲೇ ಲೆಕ್ಕ ಹಾಕ್ಕೊಂಡು ಸುಮ್ಮನೆ ನೋಡ್ತಾ ಇರ್ಬೇಕು. ಆಮೇಲೆ ಶೋ ದಿನ ಆ ವಿಡಿಯೋ ಒಂದು ಸಲ ಬಿಟ್ರೆ ಮುಗೀತು, ನಿಲ್ಲಿಸೋ ಹಾಗಿಲ್ಲ. ಸ್ಟೇಜ್ ಮೇಲಿರೋಳು ಅದು ಬಿಟ್ಟಿರೋ ಜಾಗದಲ್ಲೇ ತನ್ನ ಮಾತು ಕೂರಿಸ್ಬೇಕು. ಒಂದು ಸಾಲು ಮರೆತ್ರೆ ಎದುರಿಗಿರೋ ನಟ ಸಂಭಾಳಿಸ್ತಾನೆ ಅನ್ನೋ ಧೈರ್ಯ ಬೇರೆ ನಾಟಕದಲ್ಲಿರುತ್ತೆ, ಇಲ್ಲಿ ಎದುರಿಗಿರೋದು ಕಾಯಲ್ಲ. ನಮ್ಮ ನಟಿ ರಿಹರ್ಸಲ್ಲಲ್ಲಿ ಬಲಗೈ ಹೆಬ್ಬೆರಳಿಂದ ಬೆರಳ ಗೆಣ್ಣು ಎಣಿಸ್ತಿದ್ರು, ಮೂರು ಎಣಿಸೋವರೆಗೂ ಮಾತಾಡ್ಬೇಕು, ನಾಕನೇದಕ್ಕೆ ಆ ಮುಖ ಬಾಯಿ ತೆಗೆಯುತ್ತೆ. ಶೋದಲ್ಲೂ ಅವರ ಕೈ ಸೆರಗಿನ ಒಳಗೆ ಎಣಿಸ್ತಾನೇ ಇರೋದು ನಂಗೆ ಸೈಡ್ ವಿಂಗಿಂದ ಕಾಣ್ತಿತ್ತು, ಪ್ರೇಕ್ಷಕರಿಗೆ ಮಾತ್ರ ಸುಳ್ಳು ಹೇಳೋಳ ಚಡಪಡಿಕೆ ಥರ ಕಾಣ್ತಿತ್ತು.

ಮೂರನೇ ಶೋದಲ್ಲಿ ಒಂದು ಸಲ ಅವರು ಒಂದು ಮಾತು ಹೆಚ್ಚು ಎಳೆದ್ರು, ಮುಖ ಅವರ ಮಾತಿನ ಮೇಲೇ ಮುಂದಿನ ಪ್ರಶ್ನೆ ಹಾಕಿಬಿಡ್ತು. ನಂಗೆ ಎದೆ ಧಸಕ್ ಅಂತು. ಅವರು ಅಲ್ಲೇ ಮಾತು ನುಂಗಿ ಕುರ್ಚಿ ಹಿಡ್ಕೊಂಡ್ರು. ಹೊರಗೆ ಬಂದೋರೆಲ್ಲಾ ಆ ಜಾಗ ಅದ್ಭುತವಾಗಿತ್ತು ಅಂದ್ರು. ನಂಗೆ ಅವತ್ತು ಅರ್ಥ ಆಗಿದ್ದು ಈ ನಾಟಕ. ಮನುಷ್ಯನ ಮುಂದೆ ಸುಳ್ಳು ಹೇಳ್ಬಹುದು, ಅವನು ಮುಜುಗರಕ್ಕಾದ್ರೂ ಮಾತು ಬದಲಾಯಿಸ್ತಾನೆ. ಆ ಮುಖಕ್ಕೆ ಮುಜುಗರ ಇಲ್ಲ, ಅದು ಅವಳದ್ದೇ ಮುಖ. ಮೊದಮೊದಲು ಎಷ್ಟು ನಯವಾಗಿ ಕೇಳುತ್ತೆ ನೋಡಿ, ಗಂಡ ಹೆಂಗಿದಾನೆ, ತಂಗಿ ಹೆಂಗಿದ್ಳು ಅಂತ ಬಂಧುಗಳ ಥರ. ಅವಳು ತಂಗಿಯನ್ನ ಹೊಗಳ್ತಾ ಹೊಗಳ್ತಾ ತಾನೇ ಸಿಕ್ಕಿಬೀಳ್ತಾಳೆ.

ನಿಮ್ಮ ಕೊನೇ ಪ್ರಶ್ನೆಗೆ ನನ್ನ ಉತ್ತರ, ಅದು ದೆವ್ವ ಅಲ್ಲ. ಮಂಜುಳಾಗೆ ಈಗ ಇರೋ ಹೆಸರು ದುಡ್ಡು ಎಲ್ಲಾ ಮಾಲಿನಿಯ ಬರಹದಿಂದ ಬಂದಿದ್ದು, ಹಾಗಾದ್ರೆ ಟಿವಿಯಲ್ಲಿ ಜನಕ್ಕೆ ಕಾಣ್ತಿರೋ ಲೇಖಕಿ ಯಾರು? ಮಾಲಿನೀನೇ. ಮುಖ ಹೇಳೋದು ಅದನ್ನೇ.

ಧಾರವಾಡದಾಕಿ:

ಬಾಲ್ಕನಿ ಅವ್ರ, ಈ ನಾಟಕದ ಬಗ್ಗೆ ಎಲ್ಲಾರೂ ಕಳ್ಳತನ, ಗಂಡ, ಇಂಗ್ಲಿಷು ಇವನ್ನ ಮಾತಾಡ್ತಾರ್ರಿ, ನಡುವ ಬರೂ ಒಂದು ಸಣ್ಣ ಮಾತ್ ಯಾರೂ ಹಿಡಿಯೂದಿಲ್ಲ. ಮಾಲಿನಿಗೆ ಚೊಲೋ ಔಷಧ ಆಗ್ಲಿ ಅಂತ ಅವ್ವಾ ಅಪ್ಪಾ ಬೆಂಗಳೂರಿಗೆ ಹೋಗ್ತಾರ, ಮಂಜುಳಾನ್ನ ಧಾರವಾಡದಾಗ ಅಜ್ಜಾ ಅಜ್ಜಿ ಹತ್ರ ಬಿಡ್ತಾರ. ನಾಟಕದಾಗ ಇದು ಎರಡು ಸಾಲಿನಾಗ ಮುಗೀತದ. ನನಗ ಉಳಿದ ನಾಟಕ ಎಲ್ಲಾ ಆ ಎರಡು ಸಾಲಿನ ಮ್ಯಾಲೆ ನಿಂತದ ಅನಸ್ತದ.

ಯಾಕ ಅಂದ್ರ ನಾನೂ ಹಂಗ ಬಿಟ್ಟ ಮಗಳ್ರಿ. ನನ್ನ ತಮ್ಮಗ ಹುಟ್ಟಿದಾಗಿಂದ ಕೈಕಾಲಿನಾಗ ಬಲ ಇರಲಿಲ್ಲ, ಥೆರಪಿ ಅಂತ ಅವ್ವಾ ಅಪ್ಪಾ ಅವನ್ನ ಕರಕೊಂಡು ಬೆಂಗಳೂರು ಸೇರಿದ್ರು. ನನಗ ಆಗ ಒಂಬತ್ತ ವರ್ಷ. ಸಾಲಿ ಬಿಡಸೂದು ಬ್ಯಾಡ ಅಂತ ಅಜ್ಜಿ ಮನ್ಯಾಗ ಇಟ್ರು. ಅಜ್ಜಿ ಜೀವಕ್ಕ ಜೀವ ಇಟ್ಟು ಬೆಳಸ್ಯಾಳ, ಅದರಾಗ ಎರಡ ಮಾತಿಲ್ಲ. ಆದ್ರ ದೀಪಾವಳಿಗೆ ಅವ್ವಾ ಫ್ರಾಕ್ ಕಳಸ್ತಿದ್ಳು, ಪ್ರತಿ ವರ್ಷ ಅದು ಒಂದು ಸೈಜ್ ಸಣ್ಣದಾಗೇ ಇರ್ತಿತ್ತು. ಆಕಿಗೆ ನಾ ಎಷ್ಟ್ ಬೆಳದೇನಿ ಅನ್ನೂದು ಗೊತ್ತಿರ್ಲಿಲ್ಲ ನೋಡ್ರಿ. ಅಜ್ಜಿ ಕಂಕುಳದಾಗಿನ ಹೊಲಗಿ ಬಿಚ್ಚಿ, ಬ್ಯಾರೆ ಬಟ್ಟಿ ಪಟ್ಟಿ ಜೋಡಿಸಿ ಹಾಕತಿದ್ಳು. ಒಂದು ವರ್ಷ ನೀಲಿ ಫ್ರಾಕಿಗೆ ಬಿಳಿ ಪಟ್ಟಿ ಬಂದಿತ್ತು, ಸಾಲ್ಯಾಗ ಎಲ್ಲಾರೂ ಇದು ಹೊಸ ಫ್ಯಾಷನ್ ಏನಲೇ ಅಂತ ಕೇಳಿದ್ರು. ನಾ ಹೂಂ ಅಂದೆ.

ತಮ್ಮನ ಮ್ಯಾಲೆ ನನಗ ಸಿಟ್ಟ ಇತ್ತು. ಇದನ್ನ ನಾ ಮನ್ಯಾಗ ಇವತ್ತಿಗೂ ಯಾರ ಮುಂದೂ ಹೇಳಿಲ್ಲ. ಅವನಿಗೆ ನೋವು ಇರ್ತಿತ್ತು, ಅವ್ವಗ ನಿದ್ದಿ ಇರ್ತಿರ್ಲಿಲ್ಲ, ಎಲ್ಲಾ ತಿಳೀತಿತ್ತು, ತಿಳದೂ ಸಿಟ್ಟ ಬರ್ತಿತ್ತು. ಅಂಥಾ ಮನಿಯೊಳಗ ಆರೋಗ್ಯ ಚೊಲೋ ಇರೂ ಕೂಸಿಗೆ ಸಿಟ್ಟ ಮಾಡೂ ಹಕ್ಕ ಇರೂದಿಲ್ಲ. ಮಂಜುಳಾನೂ ಅದನ್ನ ಯಾರ ಮುಂದೂ ಹೇಳಿರೂದಿಲ್ಲ, ತಂಗಿ ತಂಗಿ ಅಂತ ಅಕ್ಕರಿ ತೋರಿಸಿಕೋತ ಬಂದಿರ್ತಾಳ. ಆ ಟಿವಿಯೊಳಗಿನ ಮುಖ ಕೇಳೂದು ಕಾದಂಬರಿ ಯಾರದು ಅಂತ ಅಲ್ರೀ, ನೀ ಆಕಿನ್ನ ದ್ವೇಷ ಮಾಡತಿದ್ದಿ ಹೌದಲ್ಲ ಅಂತ. ಹೌದು ಅಂದ ಮ್ಯಾಲೆ ಉಳಿದದ್ದೆಲ್ಲಾ ತಾನ ಹೊರಗ ಬರ್ತದ.

ಆಕಿ ಮಾಡಿದ್ದು ತಪ್ಪ. ಆದ್ರ ಆಕಿ ಯಾಕ ಮಾಡಿದ್ಳು ಅಂತ ನನಗ ಗೊತ್ತದ.

ಎರಡುಸಾವಿರದೈದು:

ನಾನು ಇದನ್ನ ಮೊದಲು ನೋಡಿದ್ದು 2005ರಲ್ಲಿ ಬೆಂಗಳೂರಿನ ರಂಗಶಂಕರದಲ್ಲಿ. ರಂಗಶಂಕರ ಶುರುವಾಗಿ ಇನ್ನೂ ಒಂದು ವರ್ಷ ತುಂಬಿರಲಿಲ್ಲ. ಕನ್ನಡದಲ್ಲಿ ಅರುಂಧತಿ ನಾಗ್ ಮಾಡ್ತಿದ್ರು, ಇಂಗ್ಲಿಷ್‌ನಲ್ಲಿ ಅರುಂಧತಿ ರಾಜಾ, ಕಾರ್ನಾಡರು ಮತ್ತು ಕೆ. ಎಂ. ಚೈತನ್ಯ ಸೇರಿ ನಿರ್ದೇಶನ ಮಾಡಿದ್ರು. ಏಳೂವರೆ ಅಂದ್ರೆ ಏಳೂವರೆ, ಒಂದು ನಿಮಿಷ ತಡ ಆದ್ರೂ ಬಾಗಿಲು ತೆಗೆಯಲ್ಲ ಅಲ್ಲಿ, ನಾನು ಜೆಪಿ ನಗರದ ಸ್ಟಾಪಿಂದ ಓಡಿಕೊಂಡೇ ಹೋಗಿದ್ದೆ.

ಧಾರವಾಡದಾಕಿ ಅವರು ಬರೆದದ್ದು ಓದಿ ಮನಸ್ಸು ಭಾರ ಆಯ್ತು. ಆದ್ರೂ ಇಂಗ್ಲಿಷಿನ ವಿಷಯವನ್ನ ಹಾಗೆ ಪಕ್ಕಕ್ಕೆ ಸರಿಸಬಾರದು ಅಂತ ನನಗನಿಸುತ್ತೆ, ಅದೂ ಮನೆಯೊಳಗಿನ ವಿಷಯವೇ. ಆ ಮನೆಯಲ್ಲಿ ಅಕ್ಕನಿಗೆ ಸಿಕ್ಕಿದ್ದು ಕನ್ನಡ, ಧಾರವಾಡ, ಅಜ್ಜಿ. ತಂಗಿಗೆ ಸಿಕ್ಕಿದ್ದು ಬೆಂಗಳೂರು, ಇಂಗ್ಲಿಷ್, ಅಪ್ಪ ಅಮ್ಮ. ಯಾರ ಪಾಲಿಗೆ ಯಾವ ಭಾಷೆ ಬಂತು ಅನ್ನೋದು ಆಸ್ತಿ ಪಾಲಿನ ಥರವೇ ಅಲ್ವಾ. ತಂಗಿ ಸತ್ತ ಮೇಲೆ ಅವಳ ಬರಹದ ಜೊತೆಗೆ ಆ ಭಾಷೆಯನ್ನೂ ಅಕ್ಕ ತನ್ನದು ಅಂತ ಹೇಳ್ಕೋತಾಳೆ, ಇಂಗ್ಲಿಷ್ ತಾನಾಗಿಯೇ ಬಂತು ಅಂತ ಕ್ಯಾಮೆರಾ ಮುಂದೆ ಸಮರ್ಥಿಸಿಕೊಳ್ತಾಳೆ. ಆ ಭಾಷಣ ಎರಡನೇ ಸಲ ಕೇಳಿದಾಗ ನನಗೆ ಮೈ ಜುಮ್ ಅಂತು, ಮೊದಲನೇ ಸಲ ಅದು ಬರೀ ಸಾಹಿತಿಗಳ ಜಗಳ ಅನಿಸಿತ್ತು.

ಕಾರ್ನಾಡರಿಗೆ ಇದು ಹೊರಗಿನ ವಿಷಯ ಆಗಿರಲಿಲ್ಲ. ಮನೆಮಾತು ಕೊಂಕಣಿ, ಬೆಳೆದದ್ದು ಶಿರಸಿ, ಧಾರವಾಡ. ಇಂಗ್ಲಿಷ್ ಕವಿ ಆಗಬೇಕು ಅಂತ ಆಸೆ ಇಟ್ಟುಕೊಂಡಿದ್ದ ಹುಡುಗ ಆಕ್ಸ್‌ಫರ್ಡ್‌ಗೆ ಹೊರಡೋ ಹೊತ್ತಲ್ಲಿ ಬರೆದದ್ದು ಯಯಾತಿ, ಅದೂ ಕನ್ನಡದಲ್ಲಿ. ಆಮೇಲೆ ತಮ್ಮ ನಾಟಕಗಳನ್ನ ತಾವೇ ಇಂಗ್ಲಿಷಿಗೂ ತಂದರು.

ಇನ್ನು ಮನೆಯ ಗುಟ್ಟು. ಇದನ್ನ ಹೇಳಲೇಬೇಕು ಅನಿಸ್ತು. ಅವರ ಆತ್ಮಕಥೆ ಆಡಾಡತ ಆಯುಷ್ಯ 2011ರಲ್ಲಿ ಬಂತಲ್ಲ, ಅದನ್ನ ಅರ್ಪಿಸಿರೋದು ಡಾ. ಮಧುಮಾಲತಿ ಗುಣೆ ಅನ್ನೋ ಪುಣೆಯ ವೈದ್ಯೆಗೆ. ಮನೆಯಲ್ಲಿ ಆಗಲೇ ಮಕ್ಕಳಿದ್ದಾರೆ, ಸಾಕು ಅಂತ ಅವರ ತಾಯಿ ಗರ್ಭ ತೆಗೆಸೋಕೆ ಆ ವೈದ್ಯೆಯ ಕ್ಲಿನಿಕ್ಕಿಗೆ ಹೋಗಿದ್ರಂತೆ, ವೈದ್ಯೆ ಬರಲೇ ಇಲ್ಲ, ಕಾದು ಕಾದು ವಾಪಸ್ ಬಂದ್ರಂತೆ. ಆ ಮಗು ಇವರೇ. ಇದನ್ನ ತಾಯಿ ಹೇಳಿದ್ದು ಇವರು ಬೆಳೆದು ಹೆಸರು ಮಾಡಿದ ಮೇಲೆ, ಊಟಕ್ಕೆ ಕೂತಾಗ. ಆ ತಾಯಿ ಚಿಕ್ಕ ವಯಸ್ಸಿಗೇ ವಿಧವೆಯಾಗಿ, ಕೈಯಲ್ಲಿ ಮಗು ಇಟ್ಟುಕೊಂಡು ನರ್ಸಿಂಗ್ ಕಲಿತು, ಆ ಕಾಲದಲ್ಲಿ ಮರುಮದುವೆ ಆದೋರು. ಊಟದ ತಟ್ಟೆ ಮುಂದೆ ಅಂಥ ಮಾತು ಕೇಳಿಸಿಕೊಂಡ ಮನುಷ್ಯ ಬರೆದ ನಾಟಕ ಇದು. ಮನೆಗಳಲ್ಲಿ ನಿಜ ಹೊರಬರೋದು ಹಂಗೇ, ಯಾರೂ ಕೇಳದೇ ಇದ್ದಾಗ, ಅನ್ನಕ್ಕೆ ಸಾರು ಹಾಕ್ತಾ.

ನಿಮ್ಮ ಅಮ್ಮನ್ನ ಏನೂ ಕೇಳೋಕೆ ಹೋಗಬೇಡಿ. ಪಕ್ಕದಲ್ಲಿ ಕೂತಿರಿ ಸಾಕು.

ಬಾಲ್ಕನಿ_ಟಿಕೆಟ್:

ಎಲ್ರಿಗೂ ತುಂಬಾ ಥ್ಯಾಂಕ್ಸ್. ಧಾರವಾಡದಾಕಿ ಅವರೇ, ಆ ಫ್ರಾಕಿನ ಮಾತು ಓದಿ ಫೋನ್ ಪಕ್ಕಕ್ಕಿಟ್ಟು ಸ್ವಲ್ಪ ಹೊತ್ತು ಹಂಗೇ ಕೂತಿದ್ದೆ.

ಎರಡುಸಾವಿರದೈದು ಅವರು ಹೇಳಿದಂಗೆ ಇವತ್ತು ಅಮ್ಮ ಅವರೆಕಾಯಿ ಬಿಡಿಸ್ತಿದ್ರು, ನಾನೂ ಮೊರದ ಇನ್ನೊಂದು ಪಕ್ಕ ಕೂತು ಬಿಡಿಸ್ದೆ. ಮುಕ್ಕಾಲು ಗಂಟೆ ಒಂದು ಮಾತಿಲ್ಲ. ಕೊನೇಲಿ ಅಮ್ಮ ಅಂದಿದ್ದು ಇಷ್ಟೇ, ಅವಳು ಆ ಪುಸ್ತಕಕ್ಕೆ ತನ್ನ ಹೆಸರು ಹಾಕೊಂಡಳಲ್ಲ, ಅವತ್ತು ರಾತ್ರಿ ನಿದ್ದೆ ಮಾಡಿರ್ತಾಳೆ ನೋಡು, ನಿದ್ದೆ ಹೋಗೋದು ಆಮೇಲೆ, ಜನ ಹೊಗಳೋಕೆ ಶುರು ಮಾಡಿದ್ಮೇಲೆ. ಅಂದ್ಬಿಟ್ಟು ಎದ್ದು ಹೋದ್ರು.

ಕಡಲ_ಬದಿ:

ಎಲ್ಲರದ್ದೂ ಓದಿದೆ. ಸ್ವಲ್ಪ ಬೇಜಾರಲ್ಲೇ ಬರೀತಿದ್ದೇನೆ, ತಪ್ಪು ತಿಳ್ಕೊಳ್ಬೇಡಿ. ನಾನು ಇಪ್ಪತ್ತೆರಡು ವರ್ಷದಿಂದ ವೀಲ್‌ಚೇರಲ್ಲಿ ಇರುವವಳು. ಇಷ್ಟು ಉದ್ದದ ಮಾತಲ್ಲಿ ಮಂಜುಳಾನ ಸಂಕಟ ಉಂಟು, ನೋಡಿಕೊಂಡವರ ಸಂಕಟ ಉಂಟು, ಬಿಟ್ಟು ಹೋದ ಮಕ್ಕಳ ಸಂಕಟ ಉಂಟು. ಮಾಲಿನಿ ಎಲ್ಲಿ?

ನಾಟಕದಲ್ಲೂ ಅವಳು ಇಲ್ಲ. ಅವಳ ಬಗ್ಗೆ ಅಕ್ಕ ಹೇಳ್ತಾಳೆ, ಅಕ್ಕನ ಮುಖ ಹೇಳ್ತದೆ. ಸ್ಟೇಜಿಗೆ ಅವಳು ಬರುವುದೇ ಇಲ್ಲ, ಒಂದು ಖಾಲಿ ವೀಲ್‌ಚೇರ್ ಸಹ ಇಲ್ಲ. ನಾನು ಮೊದಲ ಸಲ ನೋಡಿದಾಗ ಇದೇ ಸಿಟ್ಟಲ್ಲಿ ಹೊರಗೆ ಬಂದೆ. ನಂತರ ನಾಟಕವನ್ನು ಓದಿದೆ, ಆಗ ಬೇರೆಯೇ ಕಂಡಿತು. ಅವಳು ಬರೆದ ಕಾದಂಬರಿಯಲ್ಲಿ ಅಕ್ಕನ ಹಾಗೆ ಇರುವ ಒಬ್ಬ ಹೆಂಗಸನ್ನು ಕೆಟ್ಟವಳಾಗಿ ಬರೆದಿಟ್ಟಿದ್ದಾಳೆ. ಅಂದ್ರೆ ಅಕ್ಕ ಒಳಗೆ ಏನು ಇಟ್ಟುಕೊಂಡಿದ್ದಾಳೆ ಅಂತ ಅವಳಿಗೆ ಪೂರಾ ಗೊತ್ತಿತ್ತು. ಮಲಗಿದಲ್ಲೇ ಇರುವವರಿಗೆ ಮನೆಯ ಎಲ್ಲ ಶಬ್ದ ಗೊತ್ತಿರ್ತದೆ. ಬಾಗಿಲು ಹಾಕುವ ರೀತಿಯಲ್ಲೇ ಇವತ್ತು ಅಕ್ಕನಿಗೆ ಸಿಟ್ಟು ಅಂತ ನನಗೆ ಗೊತ್ತಾಗ್ತದೆ. ಬೆಡ್‌ಪ್ಯಾನ್ ತೆಗೆಯುವಾಗ ನಗುತ್ತಾ ಮಾತಾಡ್ತಾರಲ್ಲ, ಆ ನಗು ಯಾವುದು ನಿಜ, ಯಾವುದು ನನಗೆ ಬೇಜಾರಾಗದಿರಲಿ ಅಂತ, ಎರಡೂ ಗೊತ್ತಾಗ್ತದೆ. ನಾವು ಗೊತ್ತಾಗದವರ ಹಾಗೆ ಇರ್ತೇವೆ. ಅದು ನಾವು ಅವರನ್ನು ನೋಡಿಕೊಳ್ಳುವ ರೀತಿ.

ಅದಕ್ಕೆ ಸೇವೆ ಮಾಡಿದ್ದಕ್ಕೆ ಪ್ರತಿಫಲವಾಗಿ ಪುಸ್ತಕ ತಗೊಂಡಳು ಅನ್ನುವ ಮಾತು ನನಗೆ ಒಪ್ಪಿಗೆ ಇಲ್ಲ. ಮಾಲಿನಿಯ ಕೈಯಲ್ಲಿ ಇದ್ದದ್ದು ಅದೊಂದೇ. ನಡೆಯಲಿಕ್ಕೆ ಇಲ್ಲ, ಮನೆ ಬಿಟ್ಟು ಹೋಗ್ಲಿಕ್ಕೆ ಇಲ್ಲ, ಮಾತಾಡಲಿಕ್ಕೆ ಸಿಕ್ಕಿದವನು ಅಕ್ಕನ ಗಂಡ. ಅವಳು ಬರೆದಳು. ಅದಕ್ಕೂ ಅವಳ ಹೆಸರು ಇಲ್ಲ ಅಂತಾದರೆ ಅವಳು ಎಲ್ಲಿ ಇದ್ದಳು ಅಂತ ಹೇಳುವುದು?

ಒಂದು ಮಾತ್ರ ಮಂಜುಳಾಗೆ ಸರಿಯಾದ ಶಿಕ್ಷೆ ಅನಿಸ್ತು. ತನ್ನನ್ನೇ ಕೆಟ್ಟವಳು ಅಂತ ತೋರಿಸುವ ಪುಸ್ತಕ, ಅದಕ್ಕೆ ತಾನೇ ಸಹಿ ಹಾಕಿ ಊರೂರು ತಿರುಗಬೇಕು.

ಮೂರನೇ_ಬೆಲ್:

ಕಡಲ ಬದಿ ಅವ್ರೇ, ಸರಿಯಾಗಿ ಕೇಳಿದ್ರಿ. ಅದ್ರ ಜೊತೆ ನಾನೊಂದು ಸೇರಿಸ್ತೀನಿ, ಪ್ರಮೋದನನ್ನ ಯಾಕೆ ಎಲ್ರೂ ಸುಮ್ನೆ ಬಿಟ್ಬಿಡ್ತೀರಿ? ಹೆಂಡ್ತಿ ಕಾಲೇಜಿಗೆ ಹೋಗ್ತಾಳೆ, ಇವನು ಸಾಫ್ಟ್‌ವೇರ್ ಕೆಲಸ ಮನೇಲೇ ಮಾಡ್ಕೊಂಡು ಇರ್ತಾನೆ, ಇಡೀ ದಿನ ಮಾಲಿನಿ ಜೊತೆ. ಅವಳು ಸತ್ತ ಮೇಲೆ ಅಮೆರಿಕಕ್ಕೆ ಹೊರಟು ಹೋಗ್ತಾನೆ. ಅವರಿಬ್ಬರ ಮಧ್ಯೆ ಎಷ್ಟಿತ್ತು ಏನಿತ್ತು ಅನ್ನೋದನ್ನ ಮಂಜುಳಾ ಬಾಯಿಂದಾನೇ ನಾವು ಕೇಳೋದು, ಅವಳ ಹೊಟ್ಟೆಕಿಚ್ಚು ಸೋಸಿ ಕೊಟ್ಟಷ್ಟೇ ನಮಗೆ ಸಿಗುತ್ತೆ, ಅದಕ್ಕೆ ನಾನು ಅದನ್ನ ಪೂರ್ತಿ ನಂಬಲ್ಲ. ಆದ್ರೆ ಅವನು ಸುಮ್ಮನಿದ್ದ ಅನ್ನೋದು ಮಾತ್ರ ನಂಬ್ತೀನಿ. ಇಬ್ರು ಹೆಂಗಸರ ಮಧ್ಯೆ ಎಲ್ಲಾ ಗೊತ್ತಿದ್ದೂ ಏನೂ ಆಡದೆ ಇದ್ದು ಕೊನೆಗೆ ವಿಮಾನ ಹತ್ತಿದ.

ಧಾರವಾಡದಾಕಿ:

ಕಡಲ ಬದಿ ಅಕ್ಕಾರ, ನಿಮ್ಮ ಮಾತು ನನಗ ನೇರ ಎದಿಗೆ ಬಡೀತು. ಗೊತ್ತಾಗದವರ ಹಂಗ ಇರ್ತೇವಿ ಅಂದ್ರಲ್ಲ, ನನ್ನ ತಮ್ಮನೂ ಹಂಗ ಇದ್ದನೇನೋ. ನಾ ಸೂಟಿಗೆ ಬೆಂಗಳೂರಿಗೆ ಹೋದಾಗ ಅವ ತನ್ನ ಪಾಲಿನ ಬಿಸ್ಕೀಟು ತಗದು ಇಟ್ಟಿರ್ತಿದ್ದ, ಡಬ್ಬ್ಯಾಗ, ಮೆತ್ತಗಾಗಿ ಹೋಗಿರ್ತಿದ್ದುವು. ನಾ ತಿಂತಿರ್ಲಿಲ್ಲ. ನಾಳೆ ಅವಗ ಫೋನ್ ಮಾಡ್ತೇನ್ರಿ.

ಬಾಲ್ಕನಿ_ಟಿಕೆಟ್:

ಎರಡು ದಿನ ಬರೋಕೆ ಆಗ್ಲಿಲ್ಲ. ಈಗ ಬರೀತಿರೋದನ್ನ ಅಮ್ಮನ್ನ ಕೇಳೇ ಬರೀತಿದೀನಿ. ನಿಮ್ಮೆಲ್ಲರ ಮಾತು ಅಮ್ಮನಿಗೆ ಓದಿ ಹೇಳ್ದೆ, ಕಡಲ ಬದಿ ಅವರದ್ದನ್ನ ಎರಡು ಸಲ ಓದಿಸಿದ್ರು. ಆಮೇಲೆ ತಾವೇ ಹೇಳಿದ್ದು.

ಅಜ್ಜಿಗೆ ಲಕ್ವ ಹೊಡೆದಿದ್ದು ಬಲಗಡೆಗೆ, ಮಾತು ತೊದಲ್ತಿತ್ತು, ಬರೆಯೋಕಂತೂ ಆಗ್ತಿರಲಿಲ್ಲ. ಮುಂಬೈಗೆ ಟ್ರಂಕ್ ಕಾಲ್ ಎಲ್ಲಾ ಮಾಡೋ ಅಷ್ಟು ಅನುಕೂಲ ಇರಲಿಲ್ಲ ಆಗ. ಹಾಗಾಗಿ ತಿಂಗಳಿಗೊಂದು ನೀಲಿ ಇನ್‌ಲ್ಯಾಂಡ್ ಲೆಟರಲ್ಲಿ ಅಜ್ಜಿ ಹೇಳೋದು, ಅಮ್ಮ ಬರೆಯೋದು, ಕೆಳಗೆ ಅಜ್ಜಿಯ ಎಡಗೈ ಹೆಬ್ಬೆಟ್ಟು. ಅಜ್ಜಿ ಏನು ಹೇಳ್ತಿದ್ರು ಅಂದ್ರೆ ಅಲ್ಲಿ ಮಳೆ ಹೆಂಗಿದೆ, ಮಕ್ಕಳು ಹೆಂಗಿದಾರೆ, ಬಂದು ಹೋಗು, ನಿನ್ನ ನೋಡ್ಬೇಕು, ಬಂದು ಹೋಗು. ಅಷ್ಟೇ. ಅಮ್ಮ ಎರಡು ಗಂಟೆಗೊಂದು ಸಲ ಮಗ್ಗಲು ಬದಲಾಯಿಸಿ, ಬೆನ್ನಿಗೆ ಪೌಡರ್ ಹಾಕಿ, ಗಂಜಿ ಕುಡಿಸಿ, ರಾತ್ರಿ ಎದ್ದು ಎದ್ದು ನೋಡ್ತಿದ್ರಲ್ಲ, ಅವರ ಬಗ್ಗೆ ಅಜ್ಜಿ ಒಂದು ಸಲಾನೂ ಒಂದು ಒಳ್ಳೇ ಮಾತು ಬರೆಸಲಿಲ್ಲವಂತೆ. ಬರೆಸ್ಬೇಕು ಅಂತ ಅಜ್ಜಿಗೆ ಹೊಳೆದಿರಲೂ ಇಲ್ಲವೇನೋ, ಪಕ್ಕದಲ್ಲೇ ಇರೋಳ ಬಗ್ಗೆ ಏನು ಬರೆಸೋದು ಅಂತ.

ಒಂದು ದಿನ ಅಮ್ಮ ತಾವೇ ಒಂದು ಸಾಲು ಸೇರಿಸಿದ್ರಂತೆ. ನಿಮ್ಮಕ್ಕ ನನ್ನ ಹೂವಿನ ಥರ ನೋಡ್ಕೋತಿದಾಳೆ, ನೀನು ಚಿಂತೆ ಮಾಡ್ಬೇಡ. ಬರ್ದು, ಅಜ್ಜಿ ಹೆಬ್ಬೆಟ್ಟಿಗೆ ಇಂಕ್ ಹಚ್ಚಿ ಒತ್ತಿಸಿದ್ರು. ಚಿಕ್ಕಮ್ಮನಿಂದ ವಾಪಸ್ ಕಾಗದ ಬಂತು, ಅಕ್ಕ ನೀನು ದೇವ್ರು ಅಂತ. ಆಮೇಲೆ ಪ್ರತೀ ತಿಂಗಳು ಆ ಸಾಲು ಇರ್ತಿತ್ತು. ಅದು ಮಾತ್ರ ಆಗಿದ್ರೆ ಅಮ್ಮ ಇಷ್ಟು ಒದ್ದಾಡ್ತಿರಲಿಲ್ಲ ಅನ್ಸುತ್ತೆ. ಆ ಸಾಲಿಗೆ ಜಾಗ ಆಗ್ಲಿ ಅಂತ ಬಂದು ಹೋಗು ಅನ್ನೋದನ್ನ ಬಿಟ್ರಂತೆ. ಮೊದಲು ಒಂದು ಸಲ, ಆಮೇಲೆ ಯಾವಾಗ್ಲೂ. ಚಿಕ್ಕಮ್ಮ ಚಿಂತೆ ಇಲ್ಲದೆ ಅಲ್ಲೇ ಇದ್ರು, ವರ್ಷಕ್ಕೊಂದು ಸಲ ಬೇಸಿಗೆಗೆ ಬರೋರು. ಕೊನೇ ವರ್ಷ ಬರೋಕೆ ಆಗಿರಲಿಲ್ಲ, ಅಜ್ಜಿ ಜನವರಿಯಲ್ಲಿ ಹೋದ್ರು.

ಆ ಟಿವಿ ಮುಖ ಮಾತಾಡೋಕೆ ಶುರು ಮಾಡಿದಾಗ ನಂಗೆ ಗೊತ್ತಾಯ್ತು ಕಣೋ, ಇದು ಎಲ್ಲಿಗೆ ಹೋಗುತ್ತೆ ಅಂತ, ಎದ್ದು ಹೋಗೋಣ ಅಂದ್ರೆ ನಿಮ್ಮ ಚಿಕ್ಕಮ್ಮ ಪಕ್ಕದಲ್ಲೇ ಕೂತಿದ್ಳು ಅಂದ್ರು ಅಮ್ಮ. ನಾನು ಏನೂ ಹೇಳೋಕೆ ಆಗ್ಲಿಲ್ಲ. ಅಮ್ಮನ ಕೈಲಿ ಇನ್ನೂ ಅವರೆಕಾಯಿಯ ಸೊಗಡು ವಾಸನೆ ಇತ್ತು, ಹಂಗೇ ಹಿಡ್ಕೊಂಡು ಕೂತಿದ್ದೆ.

ನಿನ್ನೆ ರಾತ್ರಿ ಅಮ್ಮ ಚಿಕ್ಕಮ್ಮನಿಗೆ ಫೋನ್ ಮಾಡಿದ್ರು. ವಿಷಯ ಹೇಳ್ಲಿಲ್ಲ. ಆ ಇನ್‌ಲ್ಯಾಂಡ್ ಲೆಟರೆಲ್ಲಾ ಇಟ್ಕೊಂಡಿದೀಯಲ್ಲ, ತಗೊಂಡ್ ಬಾ, ನಾನು ಓದ್ಬೇಕು ಅಂದ್ರು ಅಷ್ಟೇ. ಚಿಕ್ಕಮ್ಮಗೆ ಖುಷಿಯೋ ಖುಷಿ, ಬೀರು ಮೇಲಿನ ಬಿಸ್ಕೆಟ್ ಡಬ್ಬಿಯಲ್ಲಿ ಅರವತ್ತೋ ಎಪ್ಪತ್ತೋ ಇವೆಯಂತೆ, ದಾರ ಕಟ್ಟಿ ಇಟ್ಟಿದಾರಂತೆ. ಶನಿವಾರ ಮಧ್ಯಾಹ್ನ ಊಟಕ್ಕೆ ಬರ್ತಿದಾರೆ. ಅಮ್ಮ ಹಿತಕವರೆ ಸಾರು ಮಾಡ್ತೀನಿ ಅಂತ ಇವತ್ತೇ ಕಾಳು ನೆನೆ ಹಾಕಿದಾರೆ.

ಕಡಲ_ಬದಿ:

ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಶನಿವಾರ ನೀವು ಆ ಕೋಣೆಯಲ್ಲಿ ಇರಬೇಡಿ, ಅವರಿಬ್ಬರನ್ನೇ ಬಿಡಿ.

ಬಾಲ್ಕನಿ_ಟಿಕೆಟ್:

ಹೂಂ, ಅವತ್ತು ನಾನು ಊಟ ಆದ ತಕ್ಷಣ ಹೊರಗೆ ಹೋಗ್ತೀನಿ.